ಎರಡನೇ ಕಾರ್ಡಿನಲ್ಲಿದ್ದ ಮುಖ

ಕುವೈತಿನ ಹೆಂಗಸರ ಮದುವೆಗಳಲ್ಲಿ ಫೋಟೋ ತೆಗೆಯುವುದು ನನ್ನ ಕೆಲಸ. ಕೇಳಿದವರಿಗೆ ಇದು ಅತ್ತರು, ರೇಷ್ಮೆ, ಬಂಗಾರದ ನಡುವೆ ಓಡಾಡುವ ಸುಖದ ಕೆಲಸ ಅನಿಸುತ್ತದೆ. ಅನಿಸಲಿ ಬಿಡಿ. ನನಗೆ ಮಾತ್ರ ಪ್ರತಿ ಮದುವೆಯೂ ಹೆದರಿಕೆಯ ಕೆಲಸ. ಮದುವೆ ಹಾಲ್‌ನ ಬಾಗಿಲಲ್ಲೇ ಅತಿಥಿಗಳ ಫೋನುಗಳನ್ನು ತೆಗೆದಿಟ್ಟುಕೊಳ್ಳುತ್ತಾರೆ. ಒಳಗೆ ಮೈ ಮುಚ್ಚುವ ಅಬಾಯಾ ಕಳಚಿ, ತಲೆಗೂದಲು ಬಿಟ್ಟು, ಮನಸ್ಸು ಬಂದ ಹಾಗೆ ಕುಣಿಯುವ ಹೆಂಗಸರ ನಡುವೆ ಇರುವ ಒಂದೇ ಒಂದು ಕ್ಯಾಮೆರಾ ನನ್ನದು. ಒಂದು ಚಿತ್ರ ಹೊರಗೆ ಹೋದರೆ ಮೊದಲು ಹಿಡಿಯುವುದು ಯಾರನ್ನು ಅಂತ ಬೇರೆ ಹೇಳಬೇಕಾ?

ಅದಕ್ಕೇ ಇಲ್ಲೊಂದು ಪದ್ಧತಿ. ಮದುವೆ ಮುಗಿದ ಕೂಡಲೇ ಕ್ಯಾಮೆರಾದ ಮೆಮೊರಿ ಕಾರ್ಡನ್ನು ತೆಗೆದು, ಅಲ್ಲೇ, ಮದುಮಗಳ ತಾಯಿಯ ಅಂಗೈಯಲ್ಲಿ ಇಟ್ಟು ಬರಬೇಕು. ಆಮೇಲೆ ಅವರು ಕರೆದಾಗ ಅವರ ಮನೆಗೇ ಹೋಗಿ, ಅವರ ಲ್ಯಾಪ್‌ಟಾಪಿನ ಮುಂದೆಯೇ ಕೂತು ಆಲ್ಬಂ ಮಾಡಿಕೊಡಬೇಕು. ನಮ್ಮ ಹತ್ತಿರ ಒಂದು ಚಿತ್ರವೂ ಉಳಿಯುವಂತಿಲ್ಲ.

ನಾನು ವಿಟ್ಲದ ಕಡೆಯ ಬ್ಯಾರಿ ಮನೆಯವಳು. ನಮ್ಮ ಮದುವೆಗಳಲ್ಲೂ ಹೆಂಗಸರ ಕಡೆಗೆ ಗಂಡಸು ಕ್ಯಾಮೆರಾ ಹಿಡಿದುಕೊಂಡು ಬರುವ ಹಾಗಿರಲಿಲ್ಲ. ಅಣ್ಣನಿಗೆ ಊರಿನಲ್ಲಿ ಸ್ಟುಡಿಯೋ ಇತ್ತು. ಹಾಗಾಗಿ ಆ ಕೆಲಸ ನನ್ನ ಕುತ್ತಿಗೆಗೆ ಬಿತ್ತು, ಆಮೇಲೆ ಅದೇ ನನ್ನ ಅನ್ನವಾಯಿತು. ನನ್ನ ಮದುವೆಯ ಆಲ್ಬಂ ಮಾಡಿದವನೂ ಅದೇ ಅಣ್ಣ. ಪ್ರೀತಿಯಿಂದಲೇ ಮಾಡಿದ, ಪಾಪ. ಕಪ್ಪಗಿದ್ದ ನನ್ನನ್ನು ಕಂಪ್ಯೂಟರಿನಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಟ್ಟ. ಆ ಆಲ್ಬಂ ತೆರೆದಾಗಲೆಲ್ಲ ನನ್ನ ಗಂಡ ಯಾರನ್ನೋ ಮದುವೆಯಾದ ಹಾಗೆ ಕಾಣುತ್ತದೆ. ಈಗ ಅದನ್ನು ತೆರೆಯುವುದೇ ಇಲ್ಲ.

ಇಲ್ಲಿ ಹವಲ್ಲಿಯ ಒಂದು ಹೆಂಗಸರ ಸ್ಟುಡಿಯೋದಲ್ಲಿ ಕೆಲಸ. ಅದರ ಒಡತಿಯೇ ನನ್ನ ಕಫೀಲ್, ಈ ದೇಶದಲ್ಲಿ ನನ್ನ ಹೊಣೆ ಹೊತ್ತವಳು. ಇಲ್ಲಿ ಇರಲಿಕ್ಕೆ ಬೇಕಾದ ಪರವಾನಗಿ, ನನ್ನ ಇಕಾಮಾ, ಇರುವುದು ಅವಳ ಹೆಸರಿನ ಕೆಳಗೆ. ಅವಳು ಬೇಡ ಅಂದ ದಿನ ನಾನು ಈ ದೇಶಕ್ಕೂ ಬೇಡ. ಗಂಡನಿಗೆ ಶುಐಬಾದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ಮಗಳು ಹತ್ತನೇ ಕ್ಲಾಸು, ಫರ್ವಾನಿಯಾದಲ್ಲಿ ಫ್ಲ್ಯಾಟು. ನಮ್ಮ ಬದುಕು ಇಷ್ಟೇ.

ಖಾಲಾ ಪರಿಚಯವಾದದ್ದು ಇಂಥ ಮದುವೆಗಳಲ್ಲೇ. ಖಾಲಾ ಅಂದರೆ ಚಿಕ್ಕಮ್ಮ. ವಯಸ್ಸಾದವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಹೆಂಗಸರ ಮದುವೆಗೆ ತಮಟೆ ಬಾರಿಸಿ ಹಾಡುವ ತಂಡದ ಮುಖ್ಯಸ್ಥೆ ಅವಳು. ಕುವೈತಿನವಳೇ, ಕಪ್ಪು ಹೆಂಗಸು. ಹಿಂದಿನವರು ಆಫ್ರಿಕಾದ ಕಡೆಯಿಂದ ಹಡಗಿನಲ್ಲಿ ಬಂದವರು, ತಾವಾಗಿ ಬಂದವರಲ್ಲ, ತರಲ್ಪಟ್ಟವರು ಅಂತ ಒಮ್ಮೆ ಅವಳೇ ಹೇಳಿದ್ದಳು. ಅವಳು ಬಾರಿಸುವ ತಮಟೆಗೆ ತಾರ್ ಅನ್ನುತ್ತಾರೆ. ಅವಳು ತಾರ್ ಎತ್ತಿದರೆ, ಅಲ್ಲಿಯತನಕ ಸೋಫಾದಲ್ಲಿ ಗತ್ತಿನಿಂದ ಕೂತಿದ್ದ ಶ್ರೀಮಂತ ಮುದುಕಿಯರೆಲ್ಲ ಎದ್ದು ಕುಣಿಯಬೇಕು. ಎಬ್ಬಿಸದೆ ಬಿಟ್ಟವಳೇ ಅಲ್ಲ.

ಕಳೆದ ಚಳಿಗಾಲದಲ್ಲಿ ಒಂದು ದಿನ ಅವಳು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. ನಗರದ ಒಂದು ಕಲಾಕೇಂದ್ರದವರು ದೇಶದ ಕಪ್ಪು ಕಲಾವಿದರ ಭಾವಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ಪ್ರದರ್ಶನಕ್ಕೆ ಇಡುತ್ತಿದ್ದರು. ಸಮುದ್ರದ ಹಾಡು ಹೇಳುವವರು, ತಂಬೂರಾ ನುಡಿಸುವವರು, ನಗಾರಿ ಬಾರಿಸುವವರು, ಎಲ್ಲರ ಚಿತ್ರ ಸಿಕ್ಕಿತ್ತು. ಎಲ್ಲರೂ ಗಂಡಸರು.

"ನನ್ನನ್ನೂ ಕೇಳಿದ್ದಾರೆ ಮಗಳೇ" ಅಂದಳು, ಅರಬ್ಬಿಯೂ ಉರ್ದುವೂ ಕಲಸಿದ ಅವಳ ಭಾಷೆಯಲ್ಲಿ. "ಆದರೆ ನನ್ನ ಚಿತ್ರ ಎಲ್ಲಿದೆ? ಗುರುತಿನ ಚೀಟಿಯಲ್ಲಿ ಒಂದಿದೆ, ಅದರಲ್ಲಿ ಕಳ್ಳಿಯ ಹಾಗಿದ್ದೇನೆ. ಕ್ಯಾಮೆರಾ ಬಿಡದ ಕೋಣೆಯೊಳಗೇ ನನ್ನ ಆಯುಷ್ಯವೆಲ್ಲ ಹಾಡಿ ಮುಗಿಯಿತು. ಚಿತ್ರ ಸಿಗದಿದ್ದರೆ ನನ್ನ ಜಾಗದಲ್ಲಿ ತಾರ್ ತೂಗುಹಾಕುತ್ತಾರಂತೆ."

"ಸ್ಟುಡಿಯೋಗೆ ಬನ್ನಿ ಖಾಲಾ, ಚಂದ ಮಾಡಿ ತೆಗೆಯುತ್ತೇನೆ" ಅಂದೆ.

"ಕುರ್ಚಿ ಮೇಲೆ ಕೂರಿಸಿ ತೆಗೆಯುವುದಕ್ಕೆ ನಾನೇನು ಮದುಮಗಳಾ? ಕೆಲಸ ಮಾಡುವಾಗ ತೆಗಿ. ಮತ್ತೆ, ನನ್ನ ಬಣ್ಣ ಮುಟ್ಟಬೇಡ. ಕಡಿಮೆಯೂ ಮಾಡಬೇಡ, ಹೆಚ್ಚೂ ಮಾಡಬೇಡ."

ಆ ಮಾತು ನೇರ ನನ್ನ ಎದೆಗೇ ಬಿತ್ತು. ನಾನು ಅಣ್ಣನಿಗೆ ಹೇಳಬೇಕಾಗಿದ್ದು ಅದೇ ಮಾತಲ್ಲವಾ? ಆಗ ನನಗೆ ಬಾಯಿ ಬಂದಿರಲಿಲ್ಲ.

ಮುಂದಿನ ಮದುವೆಯಲ್ಲಿ ಮದುಮಗಳ ತಾಯಿಯನ್ನೇ ಕೇಳಿದೆವು. ಆಕೆ ಸ್ವಲ್ಪ ಯೋಚಿಸಿ, "ಅವಳೊಬ್ಬಳನ್ನೇ. ಹಿಂದಿನ ಕೋಣೆಯಲ್ಲಿ. ಬೇರೆ ಯಾರ ಸೆರಗೂ ಬೀಳಬಾರದು" ಅಂದರು. ಅತಿಥಿಗಳು ಬರುವ ಮುಂಚೆ, ಸಂಜೆಯ ನಮಾಜು ಮುಗಿಸಿ ತಂಡದವರು ಹಿಂದಿನ ಕೋಣೆಯಲ್ಲಿ ತಾರ್ ಕಾಯಿಸುತ್ತಿದ್ದರು. ಏಸಿಯ ಗಾಳಿಗೆ ಚರ್ಮ ಸಡಿಲವಾಗುತ್ತದೆ, ಹೀಟರಿನ ಮುಂದೆ ಹಿಡಿದು ಬಿಗಿ ಮಾಡಬೇಕು. ಖಾಲಾ ತಲೆಗೆ ಕಪ್ಪು ಬಟ್ಟೆ ಸುತ್ತಿಕೊಂಡು, ಹೀಟರಿನ ಕೆಂಪು ಬೆಳಕಿನೆದುರು ಕೂತು, ತಾರನ್ನು ಕಿವಿಯ ಹತ್ತಿರ ತಂದು ಬೆರಳಿನಿಂದ ಮೆಲ್ಲಗೆ ತಟ್ಟಿ ಕೇಳುತ್ತಿದ್ದಳು. ನಾನು ಫ್ಲ್ಯಾಶ್ ಹಾಕಲಿಲ್ಲ. ಮದುಮಗಳ ಬಿಳಿ ಗೌನಿಗೆ ಬೆಳಕಿನ ಲೆಕ್ಕ ಹಾಕಿ ರೂಢಿಯಾದ ಕೈ, ಅವತ್ತು ಅವಳ ಹಣೆಗೆ ಲೆಕ್ಕ ಹಾಕಿತು. ಹಣೆಯ ಗೆರೆ, ಕೆನ್ನೆಯ ಮೇಲಿನ ಕೆಂಪು ಹೊಳಪು, ಕಣ್ಣಿನ ಕೆಳಗಿನ ದಟ್ಟ ಕಪ್ಪು, ಎಲ್ಲ ಬಂತು. ನಾನು ತೆಗೆದ ಚಿತ್ರ ನೋಡಿ ನನಗೇ ಮೈ ಜುಮ್ಮೆಂದದ್ದು ಅದೊಂದು ಸಲ.

ಮದುವೆ ಮುಗಿಯಿತು. ಕಾರ್ಡು ತೆಗೆದು ಮದುಮಗಳ ತಾಯಿಯ ಕೈಗೆ ಕೊಟ್ಟೆ. ಆಲ್ಬಮಿಗೆ ಕರೆದಾಗ ಖಾಲಾಳ ಚಿತ್ರವನ್ನು ಅವರಿಂದಲೇ ಕೇಳಿ ತೆಗೆದುಕೊಳ್ಳುವುದು ಅಂತ ಮಾತಾಗಿತ್ತು.

ಮರುದಿನ ಮಧ್ಯಾಹ್ನ ಮೀನು ಕತ್ತರಿಸುತ್ತಿದ್ದೆ. ಕಫೀಲ್ ಹೆಂಗಸಿನ ವಾಯ್ಸ್ ಮೆಸೇಜ್ ಬಂತು. ಯಾವಾಗಲೂ ಹಬೀಬ್ತಿ, ಹಬೀಬ್ತಿ ಅಂತ ಬೆಣ್ಣೆ ಹಚ್ಚುವವಳು, ಅವತ್ತು ಸಲಾಮೂ ಹೇಳಲಿಲ್ಲ. "ಮದುಮಗಳ ಸ್ವಂತ ಚಿಕ್ಕಮ್ಮ ತಲೆಗೂದಲು ಬಿಟ್ಟು ಕುಣಿಯುವ ಚಿತ್ರ ಫೋನಿಂದ ಫೋನಿಗೆ ಹೋಗುತ್ತಿದೆ. ಮನೆಯವರು ಕೇಳುತ್ತಿದ್ದಾರೆ. ಒಳಗೆ ಕ್ಯಾಮೆರಾ ಇದ್ದದ್ದು ನಿನ್ನ ಹತ್ತಿರ. ನಾನು ಹೇಳುವ ತನಕ ಸ್ಟುಡಿಯೋಗೆ ಬರಬೇಡ."

ಮೀನಿನ ಕೈಯಲ್ಲೇ ನೆಲದ ಮೇಲೆ ಕೂತೆ. ಆಮೇಲೆ ಧೈರ್ಯ ತಂದುಕೊಂಡೆ. ನಾನು ಕಾರ್ಡು ಕೊಟ್ಟಾಗಿದೆಯಲ್ಲ, ನನ್ನ ಹತ್ತಿರ ಏನೂ ಇಲ್ಲವಲ್ಲ! ಬೇಕಾದರೆ ಬಂದು ನೋಡಲಿ ಅಂತ ಕೈ ತೊಳೆದು, ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ ಕ್ಯಾಮೆರಾ ತೆರೆದೆ. ಆ ಕ್ಯಾಮೆರಾ ಹೊಸದು. ಕಫೀಲ್ ಹೆಂಗಸು ಆ ವಾರವಷ್ಟೇ ತರಿಸಿ ತಾನೇ ಸೆಟ್ಟಿಂಗ್ ಮಾಡಿ ಕೊಟ್ಟಿದ್ದಳು. ಹಳೆಯದಕ್ಕೆ ಒಂದೇ ಕಾರ್ಡಿನ ಜಾಗ. ಇದಕ್ಕೆ ಬಾಗಿಲು ತೆರೆದರೆ ಜಾಗ ಎರಡು. ಒಂದು ಖಾಲಿ. ಇನ್ನೊಂದರಲ್ಲಿ, ಮದುವೆಯ ಗಡಿಬಿಡಿಯಲ್ಲಿ ನಾನು ನೋಡದೆ ಬಿಟ್ಟ ಕಾರ್ಡು ಕೂತಿತ್ತು.

ತೆಗೆದ ಪ್ರತಿ ಚಿತ್ರದ ಇನ್ನೊಂದು ಪ್ರತಿ ಅದರಲ್ಲಿ ತನ್ನಷ್ಟಕ್ಕೆ ಬೀಳುತ್ತಿತ್ತು. ಮದುಮಗಳು, ಅವಳ ಅತ್ತೆಯಂದಿರು, ತಂಗಿಯರು, ಎಲ್ಲರೂ ಇದ್ದರು. ಆ ಚಿಕ್ಕಮ್ಮ ತಲೆ ಬಿಟ್ಟು ಕುಣಿಯುವ ಚಿತ್ರವೂ ಇತ್ತು. ಹೊರಗೆ ಹೋದದ್ದು ಇದೇ ಚಿತ್ರವೋ ಬೇರೆಯೋ ಆಗ ನನಗೆ ಗೊತ್ತಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಯಾ ರಬ್ಬೇ! ಕದ್ದವರ ಮನೆಯಲ್ಲಿ ಮಾಲು ಸಿಕ್ಕಂತಾಯಿತು, ಕದಿಯದೆಯೇ.

ಎಲ್ಲಕ್ಕಿಂತ ಮೊದಲ ಚಿತ್ರ ಖಾಲಾಳದು. ತಾರಿಗೆ ಕಿವಿ ಕೊಟ್ಟು ಕೂತಿದ್ದಳು.

ಕಾರ್ಡನ್ನು ಪ್ಲಾಸ್ಟಿಕಿನಲ್ಲಿ ಸುತ್ತಿ, ಊರಿಂದ ತಂದ ಕುಚ್ಚಲಕ್ಕಿಯ ಡಬ್ಬಿಯೊಳಗೆ ಹೂತೆ. ಸ್ವಲ್ಪ ಹೊತ್ತಿಗೆ ಹೋಗಿ ಮುಚ್ಚಳ ತೆಗೆದು ಮುಟ್ಟಿ ನೋಡಿದೆ. ಮತ್ತೆ ಬೇರೆ ಡಬ್ಬಿಗೆ ಹಾಕಿದೆ. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಸಾಕು, ಹೋಗಿ ಬಾಗಿಲಿನ ಕಿಂಡಿಗೆ ಕಣ್ಣಿಡುತ್ತಿದ್ದೆ. ಬಾಗಿಲು ಬಡಿದ ಶಬ್ದವಾದಾಗ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. ಬಂದದ್ದು ಕಟ್ಟಡದ ಕಾವಲುಗಾರ, ಮಹಡಿಯ ಮೇಲಿನ ನೀರಿನ ಟ್ಯಾಂಕಿ ತೊಳೆಯುತ್ತೇವೆ ಅಂತ ಹೇಳಲಿಕ್ಕೆ.

ಸಂಜೆ ಗಂಡ ಬಂದವರೇ ನನ್ನ ಮುಖ ನೋಡಿ, "ಎಂತ ಆಯ್ತು? ಊರಲ್ಲಿ ಯಾರಿಗಾದ್ರೂ ಹುಷಾರಿಲ್ವಾ?" ಅಂದರು. ಹೇಳಿದೆ. ಅವರು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದರು.

"ಒಡೆದು ಹಾಕು. ಈಗ್ಲೇ ಒಡೆದು ಹಾಕು ಮಾರಾಯ್ತಿ. ಬೆರಳಚ್ಚು ತೆಗೆದು ವಿಮಾನ ಹತ್ತಿಸಿದ್ರೆ ಮತ್ತೆ ಈ ದೇಶಕ್ಕೆ ಕಾಲಿಡ್ಲಿಕ್ಕಿಲ್ಲ. ಮಗಳ ಪರೀಕ್ಷೆ ಎದುರಲ್ಲುಂಟು. ನಿನ್ನನ್ನು ಕಳಿಸಿದ್ರೆ ನಾನಿಲ್ಲಿ ಒಬ್ನೇ ಎಂತ ಮಾಡುದು?"

"ಖಾಲಾಳ ಚಿತ್ರ ಉಂಟಲ್ಲ ಅದ್ರಲ್ಲಿ."

"ಮರ್ಲಾ, ಹುಚ್ಚಾ ನಿಂಗೆ? ನಿನ್ನ ತಲೆ ಹೋಗುವ ಹೊತ್ತಿಗೆ ಅವಳ ಚಿತ್ರವಾ?"

ಮಗಳು ಪುಸ್ತಕದಿಂದ ತಲೆ ಎತ್ತದೆಯೇ, "ಉಮ್ಮಾ, ಜಸ್ಟ್ ಕಾಪಿ ದಟ್ ವನ್ ಫೋಟೋ, ದೆನ್ ಫಾರ್ಮ್ಯಾಟ್ ಇಟ್. ಸಿಂಪಲ್" ಅಂದಳು.

ಸಿಂಪಲ್ಲಂತೆ! ಅದೊಂದನ್ನು ಉಳಿಸಿಕೊಂಡರೆ ನಾಳೆ ಅದು ಪ್ರದರ್ಶನದ ಗೋಡೆ ಮೇಲೆ ಬರಬೇಕು. ಬಂದ ಕೂಡಲೇ ಮದುಮಗಳ ತಾಯಿ ಕೇಳುತ್ತಾರೆ, ಕಾರ್ಡು ನನ್ನ ಕೈಗೆ ಕೊಟ್ಟವಳ ಹತ್ತಿರ ಈ ಚಿತ್ರ ಎಲ್ಲಿಂದ ಬಂತು ಅಂತ. ಖಾಲಾಳ ಮುಖವೇ ನನ್ನ ಮೇಲೆ ಸಾಕ್ಷಿ ಹೇಳುತ್ತದೆ. ಅವರ ಕೈಯಲ್ಲಿರುವ ಕಾರ್ಡಿನಲ್ಲೂ ಅದಿದೆ, ಆದರೆ ಗುಮಾನಿ ಬಿದ್ದ ಮೇಲೆ ಅವರು ಅದನ್ನು ನನಗೆ ಕೊಡುವ ಮಾತೇ ಇಲ್ಲ. ಅದು ಉಳಿದರೆ ನಾನು ಉಳಿಯುವುದಿಲ್ಲ, ನಾನು ಉಳಿಯಬೇಕಾದರೆ ಅದು ಹೋಗಬೇಕು. ಇದನ್ನು ಬಿಡಿಸಿ ಹೇಳಿದ ಮೇಲೆ ಮಗಳು ಪುಸ್ತಕ ಮುಚ್ಚಿದಳು. ಗಂಡ ಸುತ್ತಿಗೆ ಹುಡುಕಲಿಕ್ಕೆ ಎದ್ದರು. ಸುತ್ತಿಗೆ ಸಿಗಲಿಲ್ಲ, ಅಡಿಗೆಮನೆಯ ಕಲ್ಲಿನ ಕುಟ್ಟಾಣಿ ತಂದು ಮೇಜಿನ ಮೇಲಿಟ್ಟು, "ನೀನೇ ಮಾಡು" ಅಂದರು.

ಕಾರ್ಡನ್ನು ಕುಟ್ಟಾಣಿಗೆ ಹಾಕಿಯೂ ಆಗಿತ್ತು. ಕೈ ಏಳಲಿಲ್ಲ. ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಗಂಡ ಮೇಜಿನ ಆಚೆ ತಲೆ ಹಿಡಿದುಕೊಂಡು ಕೂತರು. ಕೊನೆಗೆ ಕಾರ್ಡನ್ನು ಹೊರಗೆ ತೆಗೆದು ಒರೆಸಿ ಮತ್ತೆ ಅಕ್ಕಿಗೆ ಹಾಕಿದೆ.

ಆಮೇಲಿನ ದಿನಗಳು ಹೇಗೆ ಹೋದವು ಅಂತ ಕೇಳಬೇಡಿ. ಬಸ್ಸು ಹತ್ತಲಿಲ್ಲ, ತಪಾಸಣೆ ಇದ್ದರೆ? ಅಂಗಡಿಗೆ ಹೋಗಲಿಲ್ಲ. ಬೀದಿಯಲ್ಲಿ ಪೊಲೀಸ್ ಗಾಡಿ ನಿಂತರೆ ಪರದೆಯ ಸಂದಿಯಿಂದ ನೋಡುತ್ತ ನಿಲ್ಲುತ್ತಿದ್ದೆ. ಫೋನ್ ಬಂದರೆ ಹೆದರಿಕೆ, ಬರದಿದ್ದರೆ ಅದಕ್ಕಿಂತ ಹೆಚ್ಚು ಹೆದರಿಕೆ. ಕಫೀಲ್ ಹೆಂಗಸಿನಿಂದ ಒಂದು ಮಾತಿಲ್ಲ. ನಾನೇ ಕೇಳೋಣವೆಂದರೆ, ಕೇಳಿದವಳ ಮೇಲೆಯೇ ಗುಮಾನಿ ಬಂದರೆ?

ಅಷ್ಟರಲ್ಲಿ ಖಾಲಾಳ ಫೋನ್. "ಮಗಳೇ, ಪ್ರದರ್ಶನದವರು ಕೇಳುತ್ತಿದ್ದಾರೆ. ಉಳಿದವರದ್ದೆಲ್ಲ ಪ್ರಿಂಟ್ ಆಗಿದೆಯಂತೆ. ನನ್ನದು ಎಲ್ಲಿ?"

ಸುಳ್ಳು ಬಾಯಿ ತುದಿಯಲ್ಲೇ ಇತ್ತು. ಚಿತ್ರ ಚೆನ್ನಾಗಿ ಬಂದಿಲ್ಲ ಖಾಲಾ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅದಕ್ಕಿಂತ ಚೆನ್ನಾಗಿ ನಾನು ಜನ್ಮದಲ್ಲಿ ತೆಗೆದಿರಲಿಲ್ಲ, ಆ ಸುಳ್ಳು ಮಾತ್ರ ಬರಲಿಲ್ಲ. ಅಳುತ್ತ ಎಲ್ಲ ಹೇಳಿಬಿಟ್ಟೆ.

ಖಾಲಾ ಕೊನೆಯತನಕ ಕೇಳಿದಳು. ಆಮೇಲೆ, "ಅಬಾಯಾ ಹಾಕಿಕೊಂಡು ಕೆಳಗೆ ಬಾ" ಅಂದಳು.

ಗಂಡನಿಗೆ ಫೋನ್ ಮಾಡಿದೆ. ಕೆಲಸದ ಮಧ್ಯೆ ಎತ್ತಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ನಿನ್ನ ಸಿವಿಲ್ ಐಡಿ ಬ್ಯಾಗಲ್ಲಿ ಉಂಟಾ ನೋಡ್ಕೊ" ಅಂದರು, ಅಷ್ಟೇ. ಅವರು ಬೈದಿದ್ದರೇ ನನಗೆ ಧೈರ್ಯ ಬರುತ್ತಿತ್ತು.

ತಾರ್‌ಗಳನ್ನು ಸಾಗಿಸುವ ತಂಡದ ವ್ಯಾನಿನಲ್ಲಿ ಖಾಲಾ ಬಂದಳು. ಎಲ್ಲಿಗೆ ಅಂತ ಕೇಳಲಿಕ್ಕೂ ಹೆದರಿಕೆ. ನಿಂತದ್ದು ಮದುಮಗಳ ಮನೆಯ ಮುಂದೆ. ನಾನು ಇಳಿಯಲಿಲ್ಲ.

"ಬೇಡ ಖಾಲಾ. ನನ್ನನ್ನು ಕೈಯಾರೆ ಹಿಡಿದುಕೊಟ್ಟ ಹಾಗಾಗುತ್ತದೆ."

"ಅಕ್ಕಿ ಡಬ್ಬಿಯಲ್ಲಿ ಎಷ್ಟು ದಿನ ಇಡುತ್ತೀ? ಯಲ್ಲಾ, ಇಳಿ."

ಹೆಂಗಸರ ಕೋಣೆಯಲ್ಲಿ ಕೂರಿಸಿದರು. ಖರ್ಜೂರ ಬಂತು, ಅರಬ್ಬಿ ಕಾಫಿ, ಗಹವಾ ಬಂತು. ಖಾಲಾ ಎರಡು ಸಲ ಕಪ್ ತುಂಬಿಸಿಕೊಂಡು ಕುಡಿದಳು. ನಾನು ನನ್ನ ಕಪ್ ಕುಡಿಯದೆ ಕೆಳಗಿಟ್ಟೆ. ಮದುಮಗಳ ತಾಯಿ ಬಂದು ಎದುರು ಕೂತರು. ಖಾಲಾ ನನ್ನ ಮೊಣಕೈ ತಿವಿದಳು. ಕಾರ್ಡನ್ನು ಮೇಜಿನ ಮೇಲಿಟ್ಟೆ. ಪ್ಲಾಸ್ಟಿಕಿಗೆ ಒಂದು ಅಕ್ಕಿಕಾಳು ಅಂಟಿಕೊಂಡೇ ಇತ್ತು. ಹೊಸ ಕ್ಯಾಮೆರಾ, ಎರಡು ಜಾಗ, ನನಗೆ ಗೊತ್ತಿರಲಿಲ್ಲ, ಅಂತ ಬಾಯಿಗೆ ಬಂದ ಅರಬ್ಬಿಯಲ್ಲಿ ತೊದಲಿದೆ.

ಆಕೆ ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು. "ಯಾರಿಗೆ ತೋರಿಸಿದ್ದೀ?"

"ಯಾರಿಗೂ ಇಲ್ಲ. ಅಲ್ಲಾಹನಾಣೆ."

"ಆ ಫೋನಿನ ಚಿತ್ರ ನಿನ್ನದಲ್ಲ ಅಂತ ಮದುವೆಯ ಮರುದಿನವೇ ಗೊತ್ತಾಯಿತು. ನನ್ನ ತಂಗಿಯ ಮಗಳು ಇನ್ನೊಂದು ಫೋನನ್ನು ಪರ್ಸಿನಲ್ಲಿ ಅಡಗಿಸಿಕೊಂಡು ಬಂದಿದ್ದಳು. ನಿನ್ನ ಸ್ಟುಡಿಯೋದವಳಿಗೆ ಹೇಳಿದ್ದೆನಲ್ಲ, ಅವಳು ಹೇಳಲಿಲ್ಲವಾ?"

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ! ನಾನು ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಾಗ, ನನ್ನ ಗಂಡ ಕುಟ್ಟಾಣಿ ತಂದಿಟ್ಟಾಗ ಇವರಿಗೆಲ್ಲ ಗೊತ್ತಿತ್ತು. ಒಂದು ಮಾತು, ಒಂದೇ ಒಂದು ಮೆಸೇಜು ಕಳಿಸಲಿಕ್ಕೆ ಯಾರಿಗೂ ನೆನಪಾಗಲಿಲ್ಲ. ಆದರೆ ಆ ಸಿಟ್ಟಿನ ಹಿಂದೆಯೇ ಇನ್ನೊಂದು ಹೆದರಿಕೆ ಬಂದು ನಿಂತಿತು. ಯಾರೂ ನನ್ನನ್ನು ಹುಡುಕುತ್ತಿರಲಿಲ್ಲ. ನಾನೇ ಕಾರ್ಡು ಹಿಡಿದುಕೊಂಡು ಬಂದು ಸಿಕ್ಕಿಬಿದ್ದಿದ್ದೆ. ಆಕೆಯ ಕೈ ಫೋನಿನ ಕಡೆ ಹೋಯಿತು.

ಆಗ ಖಾಲಾ ಮಾತಾಡಿದಳು. ಧ್ವನಿ ಏರಿಸಲಿಲ್ಲ. "ನಿನ್ನ ಮದುವೆಗೆ ಬಾರಿಸಿದವಳು ನಾನು. ನಿನ್ನ ಮಗಳ ಮದುವೆಗೂ ನಾನೇ. ನಿಮ್ಮ ಮನೆಗಳ ಒಳಗೆ ಯಾರು ನಕ್ಕರು, ಯಾರು ಅತ್ತರು, ಎಲ್ಲ ನೋಡಿದ್ದೇನೆ. ಹೊರಗೆ ಹೋಗಿ ಒಂದು ಮಾತು ಆಡಿದ್ದೇನಾ? ಇದನ್ನು ಒಡೆದು ಹಾಕಿ ಇವಳು ಸುಖವಾಗಿ ನಿದ್ದೆ ಮಾಡಬಹುದಿತ್ತು. ನನ್ನ ಮುಖ ಇದರಲ್ಲಿದೆ ಅಂತ ಒಡೆಯಲಿಲ್ಲ."

ಆಕೆ ಫೋನ್ ಎತ್ತಿ ಕೆಲಸದವಳಿಗೆ ಲ್ಯಾಪ್‌ಟಾಪ್ ತರಲು ಹೇಳಿದರು. ನನ್ನ ಎದುರೇ, ಕೊನೆಯದರಿಂದ ಹಿಂದಕ್ಕೆ, ಒಂದೊಂದಾಗಿ ಚಿತ್ರ ನೋಡಿ ಅಳಿಸಿದರು. ಎಷ್ಟು ಹೊತ್ತಾಯಿತೋ ಏನೋ, ನಾನು ಆ ಮೇಜಿನ ಕಾಲು ನೋಡುತ್ತ ಕೂತಿದ್ದೆ. ಕೊನೆಗೆ ಖಾಲಾಳ ಚಿತ್ರ ಬಂದಾಗ ಬೆರಳು ನಿಂತಿತು. ಆಕೆ ಲ್ಯಾಪ್‌ಟಾಪನ್ನು ಖಾಲಾಳ ಕಡೆ ತಿರುಗಿಸಿದರು.

ಖಾಲಾ ಬಗ್ಗಿ ನೋಡಿದಳು. ಕನ್ನಡಕ ತೆಗೆದು ಅಬಾಯಾದ ತುದಿಯಿಂದ ಒರೆಸಿ ಮತ್ತೆ ನೋಡಿದಳು. "ಇಷ್ಟು ಮುದುಕಿಯಾಗಿದ್ದೇನಾ ನಾನು?" ಅಂದಳು. ಆಮೇಲೆ, "ಬಣ್ಣ ಮುಟ್ಟಲಿಲ್ಲ ನೀನು" ಅಂದಳು.

ಮದುಮಗಳ ತಾಯಿ ಕಾರ್ಡನ್ನು ಖಾಲಾಳ ಕೈಗೆ ಕೊಟ್ಟರು. ನನಗೆ, "ನಿನ್ನ ಮೇಲೆ ದೂರು ಕೊಡುವುದಿಲ್ಲ. ಆದರೆ ಆಲ್ಬಂ ಬೇರೆಯವರು ಮಾಡುತ್ತಾರೆ. ಇನ್ನು ನಮ್ಮ ಮನೆಯ ಯಾವ ಮದುವೆಗೂ ನೀನು ಬರಬೇಡ" ಅಂದರು. ಖಲಾಸ್. ವ್ಯಾನು ಹತ್ತಿದ ಮೇಲೆ ಗಂಡನಿಗೆ ಫೋನ್ ಮಾಡಿ, "ಎಂತ ಆಗ್ಲಿಲ್ಲ, ಮನೆಗೆ ಬರ್ತಾ ಇದ್ದೇನೆ" ಅಂದೆ. ಅವರು ಅತ್ತರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಅತ್ತದ್ದು ನಾನು ಕೇಳಿರಲಿಲ್ಲ.

ಕಫೀಲ್ ಹೆಂಗಸು ಮತ್ತೆ ಹಬೀಬ್ತಿ ಅಂತ ಕೆಲಸಕ್ಕೆ ಕರೆದಿದ್ದಳು, ಆದರೂ ಪ್ರದರ್ಶನಕ್ಕೆ ಹೋಗುವುದೋ ಬೇಡವೋ ಅಂತ ಕೊನೆಯ ತನಕ ಹಿಂದೆಮುಂದೆ ನೋಡಿದೆ. ಹೆದರಿಕೆ ಒಮ್ಮೆ ಹೊಕ್ಕರೆ ಕಾರಣ ಹೋದ ಮೇಲೂ ಹೋಗುವುದಿಲ್ಲ. ಗಂಡ, ಮಗಳು ಇಬ್ಬರೂ ಜೊತೆಗೆ ಬಂದರು. ದೊಡ್ಡ ಗೋಡೆಯ ತುಂಬ ಕಪ್ಪು ಕಲಾವಿದರ ಮುಖಗಳು, ನಗುವವರು, ಕಣ್ಣು ಮುಚ್ಚಿ ಹಾಡುವವರು, ತಂಬೂರಾ ತಬ್ಬಿ ಕೂತವರು. ನಡುವಿನಲ್ಲಿ ಖಾಲಾ, ನನ್ನ ಎತ್ತರಕ್ಕಿಂತ ದೊಡ್ಡದಾಗಿ, ತಾರಿಗೆ ಕಿವಿ ಕೊಟ್ಟುಕೊಂಡು. ಹೀಟರಿನ ಕೆಂಪು ಅವಳ ಹಣೆಯ ಮೇಲೆ ಹಾಗೇ ಇತ್ತು. ಮಗಳು ಬಾಯಿ ಬಿಟ್ಟುಕೊಂಡು, "ಉಮ್ಮಾ, ಯೂ ಟುಕ್ ದಿಸ್?" ಅಂದಳು. ಖಾಲಾ ಹೊಸ ಅಬಾಯಾ ಹಾಕಿಕೊಂಡು ಚಿತ್ರದ ಪಕ್ಕವೇ ನಿಂತಿದ್ದಳು. ನನ್ನನ್ನು ಕಂಡು ಕೈ ಮಾಡಿ ಹತ್ತಿರ ಕರೆದಳು.

ಅಷ್ಟರಲ್ಲಿ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಫೋನ್ ಎತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಗಂಡಸರೂ ಸೇರಿ ಎಲ್ಲರೂ. "ಫೋನ್! ಫೋನ್ ಒಳಗಿಡಿ!" ಅಂತ ಕೂಗಿಯೇಬಿಟ್ಟೆ, ಒಂದು ಹೆಜ್ಜೆ ಮುಂದೆ ಹೋಗಿ ಕೈ ಅಡ್ಡ ಹಿಡಿದೆ. ಸುತ್ತ ನಿಂತವರು ನನ್ನನ್ನೇ ನೋಡಿದರು.

ಖಾಲಾ ನನ್ನ ಅಡ್ಡ ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ತನ್ನ ಕೈಯಲ್ಲೇ ಇಟ್ಟುಕೊಂಡಳು.

"ಬಿಡು ಮಗಳೇ" ಅಂದಳು. "ತೆಗೆಯಲಿ."